ಪೂರ್ವಕ್ಕೆ ಬಾಗಿಲಿರುವ ಬಸ್ಸು

ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುತ್ತಾರೆ. ಗಂಡಿನ ಮನೆ ಎದ್ದು ಹೆಣ್ಣಿನ ಊರಿಗೆ ಹೋಗುವುದಿಲ್ಲ. ಇಷ್ಟು ಸರಳ ಸಂಗತಿ ರೇವಣಪ್ಪನಿಗೆ ಐವತ್ತೊಂಬತ್ತು ವರ್ಷದ ತನಕ ಚೆನ್ನಾಗಿಯೇ ಗೊತ್ತಿತ್ತು. ಅರವತ್ತು ತುಂಬಿದ ಮೇಲೆ ಅದೆಲ್ಲಿ ಹೋಯಿತೋ ದೇವರೇ ಬಲ್ಲ.

ವಾಡಿಯ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನದು ಬಾಡಿಗೆ ಮನೆ. ಮೂವತ್ನಾಲ್ಕು ವರ್ಷ ಸರಕಾರಿ ಬಸ್ಸಿನ ಕಂಡಕ್ಟರನಾಗಿ ದುಡಿದು ನಿವೃತ್ತನಾದಾಗ, ಜೊತೆಯವರೆಲ್ಲ ಬಂದ ಹಣದಲ್ಲಿ ಒಂದೊಂದು ಪ್ಲಾಟು ಹಿಡಿದರು. ರೇವಣಪ್ಪ ಹರಾಜಿಗೆ ಹೋಗಿ ಒಂದು ಹಳೆಯ ಬಸ್ಸು ಹಿಡಿದುಕೊಂಡು ಬಂದ. ಅದನ್ನೇ ಮನೆ ಮಾಡಿಕೊಂಡು ಹೆಂಡತಿಯೊಂದಿಗೆ ದೇಶ ಸುತ್ತುವುದು ಅವನ ಯೋಜನೆ.

"ಮೂವತ್ನಾಲ್ಕು ವರ್ಷ ಬಸ್ಸಿನ್ಯಾಗ ತಿರುಗಿದ್ದು ಸಾಲಲಿಲ್ಲೇನ್ರಿ ನಿಮಗ?" ಎಂದು ವಿಮಲಾಬಾಯಿ ಕೇಳಿದಳು.

"ಅದು ಮಂದಿ ಹೋಗೋ ಊರಿಗೆ ತಿರುಗಿದ್ದು. ಇನ್ನ ನಾವು ಹೋಗೋ ಊರಿಗೆ" ಎಂದ ರೇವಣಪ್ಪ.

ಬಸ್ಸು ಮೂರು ತಿಂಗಳು ಶಹಾಬಾದಿನ ಒಂದು ಗ್ಯಾರೇಜಿನಲ್ಲಿ ನಿಂತು ಮನೆಯಾಯಿತು. ಮುಂದೆ ಸೀಟುಗಳಿದ್ದ ಜಾಗದಲ್ಲಿ ಎರಡು ಮಂಚ, ನಡುವೆ ಒಂದು ಕಬ್ಬಿಣದ ಕಪಾಟು, ತೀರಾ ಹಿಂದೆ ಪ್ಲೈವುಡ್ಡಿನ ಗೋಡೆ ಮಾಡಿ ಅಡುಗೆ ಮನೆ. ವಿಮಲಾಬಾಯಿ ಒಂದೇ ಒಂದು ಷರತ್ತು ಹಾಕಿದಳು. "ಪರ್ಸಿ ಹಾಸದ ನೆಲದ ಮ್ಯಾಲ ನಾ ಒಲಿ ಹಚ್ಚಂಗಿಲ್ಲ." ಶಹಾಬಾದಿನಲ್ಲಿ ನಿಂತುಕೊಂಡು ಪರ್ಸಿ ಕಲ್ಲು ಬೇಡ ಎನ್ನುವ ಗಂಡಸು ಇನ್ನೂ ಹುಟ್ಟಿಲ್ಲ. ಅಡುಗೆ ಮನೆಗೆ ಕಲ್ಲಿನ ನೆಲ ಬಂತು, ಕಲ್ಲಿನ ಕಟ್ಟೆ ಬಂತು, ಪಾತ್ರೆ ಇಡಲು ಗೋಡೆಯುದ್ದಕ್ಕೂ ಕಲ್ಲಿನ ಹಲಗೆ ಬಂತು. ಬಸ್ಸಿನ ಹಿಂಭಾಗ ಕುಳಿತ ಎಮ್ಮೆಯ ಹಾಗೆ ಇಳಿದುಬಿಟ್ಟಿತು. ಗ್ಯಾರೇಜಿನವನು ತಲೆ ಕೆರೆದುಕೊಂಡು, "ಸಪಾಟ್ ರೋಡಿನ್ಯಾಗ ಹೋಗ್ರಿ, ಕೆಸರಿಗೆ ಇಳಿಸಬ್ಯಾಡ್ರಿ" ಎಂದಷ್ಟೇ ಹೇಳಿದ.

ಇದೇ ಹೊತ್ತಿಗೆ ಮಗನ ಮದುವೆಯ ಮಾತು ಬಂತು. ಮಗ ಶರಣಕುಮಾರ ಚಿತ್ತಾಪುರದಲ್ಲಿ ಲೈನ್‌ಮನ್. ಕೊಡ್ಲಿಯ ಶಾಲೆಗೆ ಕರೆಂಟು ಕೊಡಲು ಹೋದವನು ಅಲ್ಲಿ ಗಣಿತ ಕಲಿಸುವ ಭುವನೇಶ್ವರಿಯನ್ನು ನೋಡಿ ಬಂದಿದ್ದ. ಆಮೇಲೆ ಆ ಶಾಲೆಯ ಕರೆಂಟು ವಾರಕ್ಕೆ ಎರಡು ಸಲ ಕೆಡತೊಡಗಿತು. ಹುಡುಗಿಗೂ ಮನಸ್ಸಿತ್ತು. ಹುಡುಗಿಯ ತಾಯಿ ಉಮಾದೇವಿಗೂ ಅಡ್ಡಿಯಿರಲಿಲ್ಲ. ಆದರೆ ತಂದೆಯಿಲ್ಲದ ಹುಡುಗಿ. ಸೋದರಮಾವ ಸಂತೋಷಕುಮಾರ ಹೂಂ ಅನ್ನಬೇಕು. ಸಂತೋಷಕುಮಾರ ಭೂಮಾಪನ ಇಲಾಖೆಯಲ್ಲಿ ಸರ್ವೇಯರ್. ಮನುಷ್ಯರನ್ನೂ ಉದ್ದಗಲ ಹಿಡಿದೇ ನೋಡುವವನು.

ಅವನು ಫೋನಿನಲ್ಲಿ ಕೇಳಿದ್ದು ಮೂರೇ ಪ್ರಶ್ನೆ.

"ಮನಿ ಸ್ವಂತದ್ದೇನ್ರಿ?"

ರೇವಣಪ್ಪನ ಕಣ್ಣ ಮುಂದೆ ವಾಡಿಯ ಬಾಡಿಗೆ ಮನೆ ಬಂತು. ಅದನ್ನು ಆಚೆ ತಳ್ಳಿಕೊಂಡು ಬಸ್ಸು ಬಂತು. "ಸ್ವಂತದ್ದರಿ. ಕಾಗದ ನನ್ನ ಹೆಸರಲೇ ಅದ" ಎಂದ. ಸುಳ್ಳಲ್ಲ.

"ಅಳತಿ ಎಷ್ಟದ?"

"ಮೂವತ್ತಾರು ಫೂಟ್ ಉದ್ದ, ಎಂಟು ಫೂಟ್ ಅಗಲರಿ."

"ಓಣಿ ಸಣ್ಣದಿರಬೇಕು. ಬಾಗಿಲು ಯಾವ ದಿಕ್ಕಿಗದ?"

"ಪೂರ್ವಕ್ಕರಿ!" ಬಸ್ಸಿಗೆ ದಿಕ್ಕು ಎಲ್ಲಿಯದು? ಆದರೂ ಕೇಳಿದವರಿಗೆ ಪೂರ್ವ ಎಂದರೆ ಖುಷಿಯಾಗುತ್ತದೆ ಎಂಬುದು ರೇವಣಪ್ಪನ ಅನುಭವ. "ನೀವು ಮನಿ ನೋಡ್ಲಿಕ್ಕ ವಾಡಿ ತನಕ ತ್ರಾಸ ತಗೋಬ್ಯಾಡ್ರಿ. ಐತವಾರ ನಾನೇ ಕೊಡ್ಲಿಗೆ ಬಂದು ತೋರಸ್ತೀನಿ."

ಫೋಟೋ ತರುತ್ತಾನೆ ಎಂದುಕೊಂಡ ಸಂತೋಷಕುಮಾರ. "ಬರ್ರಿ. ಖರೆ ಐತವಾರ ಐದು ಗಂಟೆ ಒಳಗ ಬರ್ರಿ. ಸೇಡಂದವರೊಬ್ಬರು ಕೇಳ್ಯಾರ, ಅವರದು ಎರಡು ಮಾಳಗಿ ಮನಿ. ಐದಕ್ಕ ಅವರಿಗೆ ಹೂಂ ಇಲ್ಲಾ ಉಹೂಂ ಹೇಳಬೇಕು" ಎಂದ.

ಆ ಭಾನುವಾರ ಮಳೆಗೆ ಮೂರನೆಯ ದಿನ. ವಾಡಿಯ ಸಿಮೆಂಟಿನ ಧೂಳೆಲ್ಲ ತೊಳೆದು ಊರಿಗೆ ಊರೇ ಗುರುತು ಸಿಗದ ಹಾಗಾಗಿತ್ತು. ಬೆಳಿಗ್ಗೆ ಶರಣಕುಮಾರ ಯಾವುದೋ ಕಂಬದ ಬುಡದಿಂದ ಫೋನು ಮಾಡಿದ.

"ಅಪ್ಪಾ, ಹತ್ತು ಕಂಬ ಬಿದ್ದಾವ, ನನಗ ಬರ್ಲಿಕ್ಕಾಗಲ್ಲ. ನೀನೂ ಹೋಗಬ್ಯಾಡ. ಕಾಗಿಣಾ ಹೊಳಿ ಏರ್ಲಿಕತ್ತದ ಅಂತ."

"ಐದು ಗಂಟಿಗೆ ಸೇಡಂದವರಿಗೆ ಹೂಂ ಅಂದ್ರ ನಿನ್ನ ಗತಿ ಏನೋ?"

ಆ ಕಡೆಯಿಂದ ಮಾತಿಲ್ಲ. ಮಳೆಯ ಸದ್ದಷ್ಟೇ ಕೇಳಿಸಿತು. ಮಗನ ಆ ಮೌನ ರೇವಣಪ್ಪನ ಎದೆಗೆ ನಾಟಿತು. ಹೋಗಲೇಬೇಕು ಎಂದುಕೊಂಡ.

ಬಸ್ಸು ನಡೆಸಲು ಮಲ್ಲು ಬಂದ. ಇಪ್ಪತ್ತೆರಡು ವರ್ಷ ರೇವಣಪ್ಪನ ಜೊತೆ ಅದೇ ಮಾರ್ಗದಲ್ಲಿ ಡ್ರೈವರನಾಗಿದ್ದವನು, ಅವನೂ ನಿವೃತ್ತ. ಮಲ್ಲು ಬಾಯಿಮಾತಿನಿಂದ ಬಸ್ಸು ನಡೆಸಿದವನಲ್ಲ. ಒಂದು ಸೀಟಿ ಊದಿದರೆ ನಿಲ್ಲಿಸುತ್ತಿದ್ದ, ಎರಡು ಊದಿದರೆ ಬಿಡುತ್ತಿದ್ದ. ಆದ್ದರಿಂದ ರೇವಣಪ್ಪ ತನ್ನ ಹಳೆಯ ಸೀಟಿಯನ್ನು ಕೊರಳಿಗೆ ಹಾಕಿಕೊಂಡ. ವಿಮಲಾಬಾಯಿ ಹೊಸ ಇಳಕಲ್ ಸೀರೆ ಉಟ್ಟು, ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಏರಿದಳು. ಎರಡು ಸೀಟಿ ಕೂಗಿತು. ಮನೆ ಹೊರಟಿತು.

ಊರ ಹೊರಗಿನ ಮೊದಲ ಸ್ಟಾಪಿನಲ್ಲೇ ಅನರ್ಥ ಶುರುವಾಯಿತು.

ಮಳೆಗೆ ಬಸ್ಸುಗಳು ನಿಂತುಹೋಗಿದ್ದವು. ಬೇವಿನ ಮರದ ಕೆಳಗೆ ಒಂದು ಮುದುಕಿ ನೆನೆಯುತ್ತ ನಿಂತು, ಬರುತ್ತಿರುವ ಬಸ್ಸಿಗೆ ಕೈ ಎತ್ತಿದಳು. ಬಸ್ಸಿನ ಮೈಮೇಲೆ ರೇವಣಪ್ಪ ನೀಲಿ ಬಣ್ಣ ಬಳಿಸಿದ್ದ, ಆದರೆ ಬಸ್ಸು ಬಸ್ಸಿನ ಹಾಗೆಯೇ ಕಾಣುತ್ತಿತ್ತು. ಮಳೆಯಲ್ಲಿ ಕೈ ಎತ್ತಿದ ಮನುಷ್ಯರನ್ನು ಬಿಟ್ಟು ಮುಂದೆ ಹೋಗುವುದು ಮೂವತ್ನಾಲ್ಕು ವರ್ಷದಲ್ಲಿ ಅವನು ಕಲಿಯದ ಒಂದೇ ವಿದ್ಯೆ. ಬಾಯಿ ತಾನಾಗಿಯೇ ಸೀಟಿ ಊದಿತು. ಮಲ್ಲುವಿನ ಕಾಲು ತಾನಾಗಿಯೇ ಬ್ರೇಕು ಒತ್ತಿತು.

ಮುದುಕಿ ಏರಿ, ಮಂಚದ ಮೇಲೆ ಕುಳಿತು, ಸೊಂಟದ ಚೀಲದಿಂದ ಆಧಾರ್ ಕಾರ್ಡು ತೆಗೆದು ಚಾಚಿದಳು. "ಪೀರಮ್ಮ. ದಂಡೋತಿ ಒಂದು ಕೊಡಪ್ಪ. ಹೆಂಗಸ್ರಿಗೆ ಫ್ರೀ ಅಂತ ನನಗ ಗೊತ್ತದ."

"ಯಮ್ಮಾ, ಇದು ಬಸ್ಸಲ್ಲ, ನಮ್ಮ ಮನಿ" ಎಂದಳು ವಿಮಲಾಬಾಯಿ.

ಪೀರಮ್ಮ ಕಾರ್ಡನ್ನು ಒಳಗಿಟ್ಟು ಸುತ್ತ ನೋಡಿದಳು. "ಹಂಗಾರ ಚಾ ಇಡವ್ವ. ಭಾಳ ಥಂಡಿ ಹತ್ಯಾದ."

ಅದಾದ ಮೇಲೆ ತಡೆಯುವವರು ಯಾರು? ಪ್ರತಿ ಸ್ಟಾಪಿನಲ್ಲೂ ಕೈಗಳು ಎದ್ದವು, ಪ್ರತಿ ಸ್ಟಾಪಿನಲ್ಲೂ ಸೀಟಿ ಕೂಗಿತು. ಚಿತ್ತಾಪುರದಲ್ಲಿ ಒಮ್ಮೆಗೇ ಹದಿನಾಲ್ಕು ಮಂದಿ ಏರಿದರು. ಅವರಲ್ಲಿ ಜಬೀನಾ ಎಂಬ ಟೇಲರ್ ಹೆಂಗಸು ಹೊಲಿಯುವ ಮೆಶಿನ್ ತಲೆಯ ಮೇಲೆ ಹೊತ್ತುಕೊಂಡೇ ಏರಿ, ಕಪಾಟಿನ ಪಕ್ಕ ಇಳಿಸಿ, "ಲಗೇಜ್ ಟಿಕೆಟ್ ಕೇಳಬ್ಯಾಡ್ರಿ ಭಾಯಿ, ಇದು ನನ್ನ ಹೊಟ್ಟಿ ಪಾಡು" ಎಂದು ಮೊದಲೇ ಹೇಳಿಬಿಟ್ಟಳು. ಇನ್ನೊಬ್ಬ ಒಂದು ಆಡನ್ನು ಏರಿಸಿದ. ರೇವಣಪ್ಪ ರೂಢಿಯಂತೆ ಬೆರಳು ಆಡಿಸಿ ತಲೆ ಎಣಿಸಿದ. ಮೂವತ್ತೊಂದು. ಆಡನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

"ಏನ್ರೀ, ಬೀಗರು ಮನಿ ನೋಡಿದ್ರ ಏನಂದಾರು? ಸಂತಿ ಅಂದಾರು!" ವಿಮಲಾಬಾಯಿ ಹೋಳಿಗೆಯ ಡಬ್ಬಿಯನ್ನು ಎದೆಗೆ ಅವುಚಿಕೊಂಡಳು. "ನಿಮ್ಮ ಮಗನ ಮದುವಿ ಸಲುವಾಗಿ ಹೊಂಟೀರೋ, ಡ್ಯೂಟಿ ಮ್ಯಾಲ ಹೊಂಟೀರೋ?"

"ದಂಡೋತ್ಯಾಗ ಅರ್ಧ ಮಂದಿ ಇಳೀತಾರ. ಉಳದವರು ಕಾಳಗ್ಯಾಗ ಇಳೀತಾರ. ಕೊಡ್ಲಿ ಮುಟ್ಟೂದ್ರಾಗ ಮನಿ ಮತ್ತ ಮನಿ ಆಗತದ" ಎಂದ ರೇವಣಪ್ಪ. ಆದರೆ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು.

ದಂಡೋತಿಯ ಹತ್ತಿರ ಬಂದಾಗ ರಸ್ತೆಗೆ ಅಡ್ಡಲಾಗಿ ಪೊಲೀಸರ ಬ್ಯಾರಿಕೇಡು ನಿಂತಿತ್ತು. ಅದರಾಚೆ ಸೇತುವೆ ಇರಬೇಕಾದ ಜಾಗದಲ್ಲಿ ಸೇತುವೆಯಿರಲಿಲ್ಲ. ಕೆಂಪು ನೀರು ಮರದ ದಿಮ್ಮಿ, ತೊಗರಿಯ ಗಿಡ, ಯಾರದೋ ಪ್ಲಾಸ್ಟಿಕ್ ಕೊಡ ಎಲ್ಲ ಎಳೆದುಕೊಂಡು ಭೋರ್ಗರೆಯುತ್ತ ಹೋಗುತ್ತಿತ್ತು. ದಂಡೆಯ ಕಿಲೋಮೀಟರ್ ಕಲ್ಲಿನ ಬುಡಕ್ಕೆ ನೀರು ಆಗಲೇ ನೆಕ್ಕುತ್ತಿತ್ತು.

ಕಾವಲಿಗೆ ನಿಂತ ಕಾನ್‌ಸ್ಟೇಬಲ್ ಸಂಘಪಾಲ ರೇನ್‌ಕೋಟಿನೊಳಗಿಂದ ಕೈ ಬೀಸಿದ. "ಬಸ್ ವಾಪಸ್ ತಗೋರಿ!"

"ಬಸ್ಸಲ್ಲರಿ ಸಾಹೇಬ್ರ, ಮನಿ."

ಸಂಘಪಾಲ ಟಾರ್ಚು ಹಾಕಿ ಒಳಗೆ ನೋಡಿದ. ಮಂಚದ ಮೇಲೆ ಏಳು ಜನ, ಮಂಚದ ಕೆಳಗೆ ಆಡು. "ಮನಿ ಇದ್ರ ಅದನ್ನ ಹೊಳಿ ದಂಡಿಗ್ಯಾಕ ತಂದೀರಿ? ಮನಿ ಅಂತ ಬರದ್ರ ಪ್ರವಾಹ ಪೀಡಿತ ಮನಿ ಅಂತ ಬರೀಬೇಕು, ಬಸ್ ಅಂತ ಬರದ್ರ ಪರ್ಮಿಟ್ ಕೇಳಬೇಕು. ಎರಡ್ರಾಗ ಒಂದು ಹೇಳ್ರಿ, ನನಗ ವರದಿ ಕೊಡೋದದ."

ರೇವಣಪ್ಪ ಕೈಮುಗಿದ. ಮಗನ ಮದುವೆ, ಸೋದರಮಾವ, ಸೇಡಂ, ಐದು ಗಂಟೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಸಂಘಪಾಲನಿಗೂ ಮದುವೆಗೆ ಬಂದ ಮಗಳಿದ್ದಳು. ಅವನು ನೀರನ್ನು ನೋಡಿದ, ಕಲ್ಲನ್ನು ನೋಡಿದ. "ಕಲ್ಲು ಅರ್ಧ ಮುಳುಗೂ ತನಕ ಟೈಮ್ ಕೊಡ್ತೀನಿ. ಆಮ್ಯಾಲ ಮನಿ ಇರ್ಲಿ, ಮಹಾಲ್ ಇರ್ಲಿ, ಹಿಂದಕ್ಕ ಹೋಗಬೇಕು."

ರೇವಣಪ್ಪ ಸಂತೋಷಕುಮಾರನಿಗೆ ಫೋನು ಮಾಡಿದ. "ಬೀಗರೇ, ಹೊಳಿ ದಾಟಾಕ ಬಿಡವಲ್ರು. ಮನಿ ದಂಡೋತಿ ದಂಡಿಗೇ ಅದ. ನೀವು ಆ ದಂಡಿಗೆ ಜರಾ ಬಂದ್ರ ಕಾಣಸ್ತದ."

"ದಂಡೋತ್ಯಾಗೂ ಒಂದು ಮನಿ ಅದೇನ್ರಿ?" ಸಂತೋಷಕುಮಾರನ ದನಿಗೆ ಒಮ್ಮೆಲೇ ಗೌರವ ಬಂತು. "ಬಂದ್ವಿ ನಿಲ್ರಿ."

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಎದುರು ದಂಡೆಯಲ್ಲಿ ಒಂದು ಜೀಪು ಬಂದು ನಿಂತಿತು. ಮೂರು ಛತ್ರಿಗಳು ಇಳಿದವು: ಸಂತೋಷಕುಮಾರ, ಉಮಾದೇವಿ, ಭುವನೇಶ್ವರಿ. ನಡುವೆ ಹೊಳೆ, ಎಷ್ಟು ಕೂಗಿದರೂ ಕೇಳಿಸುವುದಿಲ್ಲ. ವಿಡಿಯೋ ಕಾಲ್ ಮಾಡುವುದು ರೇವಣಪ್ಪನಿಗೆ ಬಾರದು. ಜಬೀನಾ ಅವನ ಕೈಯಿಂದ ಫೋನು ಕಿತ್ತುಕೊಂಡು, "ಕೊಡ್ರಿ ಭಾಯಿ, ನಾ ದಿನಾ ಗಿರಾಕಿಗಳಿಗೆ ಜಾಕೀಟ್ ತೋರಸ್ತೀನಿ, ಮನಿ ತೋರ್ಸೋದು ಯಾವ ದೊಡ್ಡ ಮಾತು" ಎಂದು ಕರೆ ಹಚ್ಚಿದಳು.

ಫೋನಿನಲ್ಲಿ ಸಂತೋಷಕುಮಾರನ ಮುಖ ಕಾಣಿಸಿತು. "ಮನಿ ಎಲ್ಲದರಿ? ಒಂದು ಬಸ್ ಅಡ್ಡ ನಿಂತದ, ಅದನ್ನ ಸರಸಾಕ ಹೇಳ್ರಿ."

"ಅದೇ ಮನಿರಿ" ಎಂದ ರೇವಣಪ್ಪ.

ಜಬೀನಾಗೆ ಪರಿಸ್ಥಿತಿ ಅರ್ಥವಾಯಿತು. ಅವಳು ಯಾರಿಗೂ ಮಾತಾಡಲು ಬಿಡದೆ ಫೋನು ಹಿಡಿದು ಒಳಗೆ ನುಗ್ಗಿ ತೋರಿಸತೊಡಗಿದಳು. "ನೋಡ್ರಿ, ಇದು ಸಾಗವಾನಿ ಮಂಚ. ಇದು ಕಪಾಟು. ಇದು ಅಡಗಿ ಮನಿ, ಪೂರಾ ಶಹಾಬಾದ ಪರ್ಸಿ. ಇವರು ಹುಡುಗನ ತಾಯಿ." ವಿಮಲಾಬಾಯಿ ಸೆರಗು ಸರಿಮಾಡಿಕೊಂಡು ಫೋನಿಗೇ ಕೈಮುಗಿದಳು, ಮುಗುಳ್ನಕ್ಕಳು, "ಚಾ ಇಡ್ತೀನಿ" ಎಂದುಬಿಟ್ಟಳು. ಹೊಳೆಯಾಚೆಯವರಿಗೆ ಚಹಾ ಹೇಗೆ ಕೊಡುವುದು ಎಂಬುದು ಆ ಗಾಬರಿಯಲ್ಲಿ ಅವಳಿಗೆ ಹೊಳೆಯಲಿಲ್ಲ. ಅಡುಗೆ ಮನೆಯ ಕದ ಎಳೆದುಕೊಂಡು ಒಲೆ ಹಚ್ಚಿದಳು.

"ಕಿಟಕಿ ಕಿಟಕಿಗೆ ಮಂದಿ ಕುಂತಾರಲ್ರಿ. ಇವರೆಲ್ಲಾ ಯಾರು?" ಸಂತೋಷಕುಮಾರನ ದನಿ ಗಡುಸಾಗಿತ್ತು.

ಮನೆಯೊಳಗೆ ಪ್ರಯಾಣಿಕರು ಎಂದು ಹೇಗೆ ಹೇಳುವುದು? "ನಮ್ಮ ಮನಿ ಮಂದಿರಿ" ಎಂದ ರೇವಣಪ್ಪ.

"ಮೂವತ್ತು ಮಂದಿ? ನಮ್ಮ ಹುಡುಗಿ ದಿನಾ ಮೂವತ್ತು ಮಂದಿಗೆ ರೊಟ್ಟಿ ಬಡೀಬೇಕೇನ್ರಿ?"

"ಇಲ್ಲರಿ, ಇಲ್ಲರಿ! ಇವರೇನು ಉಳಿಯಂಗಿಲ್ಲ. ಇಳದು ಹೋಗ್ತಾರ."

"ಎಲ್ಲಿ ಇಳದು ಹೋಗ್ತಾರ?"

"ಅವರವರ ಸ್ಟಾಪಿನ್ಯಾಗರಿ."

ಪೀರಮ್ಮ ಕಿಟಕಿಯಿಂದ ಮುಖ ಹಾಕಿ, "ನಂದು ಬಂದದಪ್ಪಾ, ಖರೆ ಚಾ ಕುಡದು ಇಳೀತೀನಿ" ಎಂದಳು. ಎದುರು ದಂಡೆಯ ಒಂದು ಛತ್ರಿ ಅಲುಗಾಡಿತು. ಭುವನೇಶ್ವರಿ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು.

ಅಷ್ಟಕ್ಕೇ ಮುಗಿದಿದ್ದರೆ ಏನೋ ಒಂದು ಆಗಿಹೋಗುತ್ತಿತ್ತು. ಆದರೆ ಸರ್ವೇಯರ್ ಸರ್ವೇಯರನೇ. ಅವನು ಕಿಸೆಯಿಂದ ದಿಕ್ಸೂಚಿ ತೆಗೆದು ಅಂಗೈಯ ಮೇಲಿಟ್ಟುಕೊಂಡ.

"ಬೀಗರೇ, ಬಾಗಿಲು ಪಶ್ಚಿಮಕ್ಕದ. ನೀವು ಪೂರ್ವ ಅಂದಿದ್ರಿ. ದಿಕ್ಕಿನ್ಯಾಗೇ ಸುಳ್ಳು ಹೇಳಿದ ಮ್ಯಾಲ ಉಳದಿದ್ದು ಹೆಂಗ ನಂಬಬೇಕು? ನಾ ಸೇಡಂದವರಿಗೆ ಫೋನ್ ಮಾಡ್ತೀನಿ."

ಬೆಳಿಗ್ಗೆಯ ಮಗನ ಮೌನ ಮತ್ತೆ ರೇವಣಪ್ಪನ ಕಿವಿಗೆ ಬಂತು. "ಐದು ನಿಮಿಷ ತಡೀರಿ ಬೀಗರೇ! ಬಾಗಿಲು ಪೂರ್ವಕ್ಕ ತರ್ತೀನಿ!"

ಹಾಗೆಂದು ಅವನು ಮಳೆಗೆ ಜಿಗಿದ. "ಮಲ್ಲು, ಬಸ್ ಹೊಳ್ಳಸು!"

ಮಲ್ಲು ಕಿಟಕಿಯಿಂದ ತಲೆ ಹಾಕಿದ. ರಸ್ತೆ ಸಣ್ಣದು, ಎರಡೂ ಬದಿಗೆ ಕರಿ ಮಣ್ಣಿನ ತೊಗರಿ ಹೊಲ, ಮೂರು ದಿನದ ಮಳೆ ಕುಡಿದು ಗಂಜಿಯಾದ ಮಣ್ಣು. "ರೇವಣ್ಣಾ, ಹಿಂದಿನ ಗಾಲಿ ಟಾರ್ ಬಿಟ್ಟು ಇಳೀತಂದ್ರ ದೇವರೇ ಬಂದರೂ ಏಳಂಗಿಲ್ಲ ನೋಡು."

"ನಾ ಹಿಂದ ನಿಂದ್ರತೀನಿ. ಸೀಟಿ ಕೇಳಿ ತಗೋ."

ಮುಂದಿನ ಹತ್ತು ನಿಮಿಷ ಯಾರೂ ಉಸಿರು ಬಿಡಲಿಲ್ಲ. ಬಸ್ಸು ಮುಂದೆ ಒಂದು ಮಾರು, ಹಿಂದೆ ಒಂದು ಮಾರು, ಮತ್ತೆ ಮುಂದೆ ಒಂದು ಮಾರು ಹೀಗೆ ತೆವಳುತ್ತ ರಸ್ತೆಗೆ ಅಡ್ಡವಾಯಿತು, ಅಡ್ಡವಾಗಿ ನಿಧಾನಕ್ಕೆ ಮುಖ ತಿರುಗಿಸತೊಡಗಿತು. ಈಗ ಅದರ ಮುಖ ಚಿತ್ತಾಪುರದ ಕಡೆಗೆ, ಕಲ್ಲು ತುಂಬಿದ ಹಿಂಭಾಗ ಹೊಳೆಯ ಕಡೆಗೆ. ಇನ್ನೊಂದು ಗೇಣು ಹಿಂದಕ್ಕೆ ಬಂತು, ಬಾಗಿಲು ಸರಿಯಾಗಿ ಪೂರ್ವಕ್ಕಾಯಿತು. ರೇವಣಪ್ಪ ಅಂಗೈಯಿಂದ ಮುಖದ ನೀರು ಒರೆಸಿಕೊಂಡು, ಸಾಕು ಎಂದು ಒಂದೇ ಸೀಟಿ ಊದಿದ. ಮಲ್ಲು ನಿಲ್ಲಿಸಿದ.

ಆಗಲೇ ಸಂಘಪಾಲ ಕಿಲೋಮೀಟರ್ ಕಲ್ಲನ್ನು ನೋಡಿದ್ದು. ಅದರ ಅಂಕಿಗಳು ಮುಳುಗಿದ್ದವು. ಅವನು ಗಾಬರಿಯಿಂದ ಓಡಿಬಂದು, ನಿಲ್ಲಿಸಿ ಇಳಿಯಿರಿ ಎನ್ನಲು, ತನ್ನ ಪೊಲೀಸ್ ಸೀಟಿಯನ್ನು ಜೋರಾಗಿ ಎರಡು ಸಲ ಊದಿದ.

ಎರಡು ಸೀಟಿ. ಇಪ್ಪತ್ತೆರಡು ವರ್ಷ ಸೀಟಿಗೆ ಪಳಗಿದ ಮಲ್ಲುವಿನ ಕಾಲು ಮೆದುಳನ್ನು ಕೇಳಲಿಲ್ಲ. ಬಸ್ಸು ರಿವರ್ಸ್ ಗೇರಿನಲ್ಲೇ ಇತ್ತು. ಗಡಗಡ ಎಂದು ಹಿಂದಕ್ಕೆ ಬಂತು. ರೇವಣಪ್ಪ ಪಕ್ಕಕ್ಕೆ ಹಾರಿ ಒಂದು ಸೀಟಿ ಊದಿದ. ಹೆದರಿದ ಸಂಘಪಾಲ ಇನ್ನೆರಡು ಊದಿದ. ಹಿಂದಿನ ಗಾಲಿ ಟಾರು ಬಿಟ್ಟು ಕೆಳಗೆ ಇಳಿಯಿತು. ಕಲ್ಲಿನ ಭಾರಕ್ಕೆ ಬಸ್ಸು ಕುಂಡೆ ಊರಿ ಕುಳಿತು, ಮುಂಭಾಗ ಮೇಲೆದ್ದಿತು. ಮಂದಿ ಹತ್ತಿಳಿಯುವ ಬಾಗಿಲು ಕೆಸರಿಗೆ ಕಚ್ಚಿಕೊಂಡಿತು. ಒಳಗಿನಿಂದ ಮೂವತ್ತೊಂದು ಗಂಟಲು ಒಟ್ಟಿಗೆ ಚೀರಿದವು.

"ಏಯ್ ಇಳಸ್ರಿ! ನೀರು ಬರ್ಲಿಕತ್ತದ!" ಎಂದು ಸಂಘಪಾಲ ಕೂಗಿದ.

ಉಳಿದದ್ದು ಡ್ರೈವರನ ಬಾಗಿಲೊಂದೇ. ಮಲ್ಲು ಒಳಗಿನಿಂದ ಒಬ್ಬೊಬ್ಬರನ್ನೇ ಎಳೆದು ಕೊಟ್ಟ, ಸಂಘಪಾಲ ಕೆಳಗೆ ನಿಂತು ಹಿಡಿದ. ರೇವಣಪ್ಪ ಪಕ್ಕದಲ್ಲಿ ನಿಂತು ಎಣಿಸಿದ. ಆ ಹೊತ್ತಿನಲ್ಲಿ ಅವನು ಮುದಿ ರೇವಣಪ್ಪನಾಗಿರಲಿಲ್ಲ, ಡ್ಯೂಟಿಯ ಮೇಲಿದ್ದ ಕಂಡಕ್ಟರನಾಗಿದ್ದ. ಪೀರಮ್ಮ ಆರು. ಜಬೀನಾ ಹನ್ನೊಂದು, ಅವಳ ಮೆಶಿನ್ ಅವಳ ಹಿಂದೆ. ಇಪ್ಪತ್ತು. ಇಪ್ಪತ್ತೇಳು. ಹಿಂಭಾಗದ ಗಾಲಿಗೆ ನೀರು ಮುಟ್ಟಿತು. ಮೂವತ್ತು. ಕೊನೆಗೆ ಆಡಿನವನು ಆಡನ್ನು ತಬ್ಬಿಕೊಂಡು ಜಿಗಿದ. ಮೂವತ್ತೊಂದು. ಮಲ್ಲೂ ಇಳಿದ.

"ಲೆಕ್ಕ ಬರೋಬ್ಬರಿ!" ರೇವಣಪ್ಪ ಎದೆಯುಬ್ಬಿಸಿ ಕೂಗಿದ. "ಮೂವತ್ತೊಂದಕ್ಕ ಮೂವತ್ತೊಂದು! ಒಬ್ಬರಿಗೂ ಒಂದು ಗೀರಿಲ್ಲ!"

ಜನ ನಿಟ್ಟುಸಿರು ಬಿಟ್ಟರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಜಬೀನಾಳ ಕೈಯಲ್ಲಿ ಫೋನು ಇನ್ನೂ ನಡೆಯುತ್ತಿತ್ತು. ಅದರೊಳಗಿಂದ ಒಂದು ಹೆಣ್ಣು ದನಿ ಹರಿದುಹೋಗುವ ಹಾಗೆ ಕಿರುಚಿತು.

"ಅತ್ತಿ ಎಲ್ಲದಾರ? ನಮ್ಮತ್ತಿ ಇಳದಿಲ್ಲ! ಅಡಗಿ ಮನ್ಯಾಗ ಚಾ ಇಡ್ಲಿಕ್ಕ ಹೋಗಿದ್ರು! ಯಾರರೆ ನೋಡ್ರಿ, ನಮ್ಮತ್ತಿ ಒಳಗೇ ಅದಾರ!"

ರೇವಣಪ್ಪನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಮೂವತ್ತೊಂದು ಮಂದಿ ಪ್ರಯಾಣಿಕರಲ್ಲಿ ವಿಮಲಾಬಾಯಿ ಇರಲಿಲ್ಲ. ಅವನು ಇಷ್ಟು ವರ್ಷ ಎಣಿಸಿದ ಯಾವ ಲೆಕ್ಕದಲ್ಲೂ ಅವಳು ಇರಲಿಲ್ಲ. ಮನೆಯಲ್ಲಿರುವವಳನ್ನು ಯಾರು ಎಣಿಸುತ್ತಾರೆ?

"ವಿಮಲಾ!" ಎಂದು ಕೂಗಿಕೊಂಡು ಅವನು ಡ್ರೈವರನ ಬಾಗಿಲು ಹತ್ತಿದ. ಅರವತ್ತರ ಮೊಣಕಾಲು ಹೇಗೆ ಹತ್ತಿತೋ ಅವನಿಗೇ ತಿಳಿಯದು. ಹಿಂದೆ ಸಂಘಪಾಲ, ಅವನ ಹಿಂದೆ ಮಲ್ಲು. ಒಳಗೆ ನೆಲವೆಲ್ಲ ಇಳಿಜಾರು. ಮಂಚಗಳು ಜಾರಿ ಹಿಂದಕ್ಕೆ ಹೋಗಿದ್ದವು, ಕಪಾಟು ಅಡುಗೆ ಮನೆಯ ಕದಕ್ಕೆ ಒರಗಿ ಬಿದ್ದಿತ್ತು. ಕದದ ಸಂದಿನಿಂದ ಕೆಂಪು ನೀರು ಬರುತ್ತಿತ್ತು. ತಗಡಿನ ಮೇಲಿನ ಮಳೆಯಲ್ಲಿ ಒಳಗಿನ ಕೂಗು ಇರುವೆಯ ದನಿಯಷ್ಟೂ ಕೇಳಿಸುತ್ತಿರಲಿಲ್ಲ.

ಮೂವರೂ ಸೇರಿ ಕಪಾಟು ಎಳೆದರು. ಅದು ಕದಲಲಿಲ್ಲ. ಬಸ್ಸು ಒಮ್ಮೆ ನರಳಿ ಇನ್ನೊಂದು ಗೇಣು ಹಿಂದಕ್ಕೆ ಜಾರಿತು.

"ಸಾಹೇಬ್ರ, ನೀವಿಬ್ರೂ ಇಳೀರಿ" ಎಂದ ರೇವಣಪ್ಪ. "ನಾ ಆಕಿನ್ನ ಬಿಟ್ಟು ಬರಂಗಿಲ್ಲ."

"ಮಾತು ಸಾಕು, ಒದೀರಿ!" ಎಂದು ಸಂಘಪಾಲ ಪ್ಲೈವುಡ್ಡಿಗೆ ಬೂಟಿನಿಂದ ಒದ್ದ. ಮಲ್ಲು ಒದ್ದ. ರೇವಣಪ್ಪ ಬರಿಗಾಲಿನಿಂದ ಒದ್ದ. ನಾಲ್ಕನೆಯ ಒದೆತಕ್ಕೆ ಗೋಡೆ ಸೀಳಿತು. ವಿಮಲಾಬಾಯಿ ಕಲ್ಲಿನ ಕಟ್ಟೆಯ ಮೇಲೆ ಮೊಣಕಾಲು ಮಡಚಿ ಕುಳಿತಿದ್ದಳು. ಹೊಸ ಸೀರೆ ಸೊಂಟದವರೆಗೆ ನೆನೆದಿತ್ತು. ಕಣ್ಣು ಕೆಂಪಾಗಿದ್ದವು.

"ಎಷ್ಟು ಕೂಗಿದೆ!" ಎಂದಳು. "ಎಲ್ಲಾ ಮಂದೀನ ಎಣಿಸಿ ಎಣಿಸಿ ಇಳಿಸಿದ್ರಿ. ನಿಮ್ಮ ಲೆಕ್ಕ ನನಗ ಕೇಳ್ತಿತ್ತು. ನಾ ನಿಮ್ಮ ಲೆಕ್ಕದಾಗ ಇಲ್ಲೇನ್ರಿ?"

ರೇವಣಪ್ಪ ಸೀಳಿನಿಂದ ಅವಳ ಎರಡೂ ಕೈ ಹಿಡಿದು ಎಳೆದುಕೊಂಡ. ಅಳುತ್ತಿದ್ದ. "ತಪ್ಪಾತು. ತಪ್ಪಾತು ವಿಮಲಾ" ಎಂದಷ್ಟೇ ಹೇಳುತ್ತಿದ್ದ. ಅವರು ಡ್ರೈವರನ ಬಾಗಿಲಿನಿಂದ ಇಳಿದು ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಬಸ್ಸು ಹಿಂದಕ್ಕೆ ಜಾರಿ, ಕಿಟಕಿಯವರೆಗೆ ನೀರಿನಲ್ಲಿ ಇಳಿದು, ಹೂಳಿನಲ್ಲಿ ಕೂತುಕೊಂಡಿತು. ಬಾಗಿಲು ಯಾವ ದಿಕ್ಕಿಗಿದೆ ಎಂದು ಯಾರೂ ನೋಡಲಿಲ್ಲ.

ಜಬೀನಾ ಫೋನು ತಂದು ಕೊಟ್ಟಳು. ಐದಕ್ಕೆ ಹತ್ತು ನಿಮಿಷವಿತ್ತು. ಪರದೆಯಲ್ಲಿ ಸಂತೋಷಕುಮಾರ ನಿಂತಿದ್ದ.

"ಬೀಗರೇ" ಎಂದ ರೇವಣಪ್ಪ. ಮಳೆಯ ನೀರೋ ಕಣ್ಣೀರೋ ಮುಖದ ಮೇಲೆ ಇಳಿಯುತ್ತಿತ್ತು. "ಇನ್ನ ನಿಮಗ ಬೀಗರೇ ಅನ್ಲಿಕ್ಕ ನನಗ ಮುಖ ಇಲ್ಲ. ವಾಡ್ಯಾಗಿನ ಮನಿ ಬಾಡಗಿದ್ದು. ಒಳಗಿದ್ದವರು ಯಾರೂ ನಮ್ಮ ಮಂದಿ ಅಲ್ಲ, ರಸ್ತಾದಾಗ ಕೈ ಎತ್ತಿದವರು. ಸ್ವಂತದ್ದು ಅಂತ ಇದ್ದದ್ದು ಈ ಒಂದು ಬಸ್ಸು, ಅದೂ ನಿಮ್ಮ ಕಣ್ಣ ಮುಂದೇ ಹೋತು. ಹುಡುಗ ಖರೇನೇ ಛಲೋ ಹುಡುಗ. ಸುಳ್ಳು ಹೇಳಿದಾಂವ ನಾನು. ಸೇಡಂದವರಿಗೆ ಫೋನ್ ಮಾಡ್ರಿ."

ಸಂತೋಷಕುಮಾರ ಫೋನನ್ನೂ ಹೊಳೆಯನ್ನೂ ನೋಡಿದ. ಆಮೇಲೆ ಅಕ್ಕನ ಕಡೆ ತಿರುಗಿದ. "ಏನ್ ಮಾಡೋಣಕ್ಕಾ?"

"ಇನ್ನೇನು ಮಾಡ್ತಿ?" ಎಂದಳು ಉಮಾದೇವಿ. "ನಿನ್ನ ಸೊಸಿ ಅಷ್ಟು ಮಂದಿ ಮುಂದ ನಿಂತು ನಮ್ಮತ್ತಿ, ನಮ್ಮತ್ತಿ ಅಂತ ಹೊಯ್ಕೊಂಡಾಳ. ಅದನ್ನ ಸೇಡಂದವರಿಗೆ ನೀ ಹೇಳ್ತಿಯೋ, ನಾ ಹೇಳ್ಲೋ?"

ಸಂತೋಷಕುಮಾರ ದಿಕ್ಸೂಚಿಯನ್ನು ಕಿಸೆಗೆ ಹಾಕಿಕೊಂಡ. "ನಾನೇ ಅವರಿಗೆ ಉಹೂಂ ಅಂತ ಹೇಳ್ತೀನಿ ಬಿಡು" ಎಂದು ಛತ್ರಿ ಹಿಡಿದು ಜೀಪಿನ ಕಡೆ ನಡೆದ.

ಫೋನು ಭುವನೇಶ್ವರಿಯ ಕೈಗೆ ಹೋಯಿತು. ಈ ದಂಡೆಯಲ್ಲಿ ವಿಮಲಾಬಾಯಿಯ ಕೈಗೆ ಬಂತು. ಪೀರಮ್ಮನ ಕಂಬಳಿ ಹೊದ್ದುಕೊಂಡ ಅತ್ತೆ ಪರದೆಯನ್ನು ಹತ್ತಿರ ಹಿಡಿದು, "ನಾ ಇದೀನವ್ವ, ಅಂಜಬ್ಯಾಡ" ಎಂದಳು.

"ಅತ್ತಿ" ಎಂದಳು ಭುವನೇಶ್ವರಿ. ಅವಳಿಗೂ ಅಳು ಬಂದಿತ್ತು, ಅಳುವಿನ ನಡುವೆಯೇ ನಗುವೂ ಬಂದಿತ್ತು. "ವಾಡಿ ಮನಿ ಬಾಡಗಿದ್ದು ಅಂತ ನಿಮ್ಮ ಮಗ ಮೊದಲನೇ ದಿನಾನೇ ನನಗ ಹೇಳ್ಯಾರ. ನೀರು ಇಳದ ಮ್ಯಾಲ ಬರ್ರಿ. ಮನಿ ತರಬ್ಯಾಡ್ರಿ, ನೀವಷ್ಟ ಬರ್ರಿ."